ಮಾತು ನಿಂತಿದೆ, ಬುದ್ಧಿ ನಿಂತಿಲ್ಲ

ಬಾದಾಮಿ, ಹುನಗುಂದ, ಇಳಕಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನವಾದರೂ ವಾಕ್ ಚಿಕಿತ್ಸಕರು ಸಿಗಬೇಕು ಎಂದು ಕೇಳಿದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ‘ಮೊದಲು ಕೈಕಾಲ ಬರ್ಲಿ, ಮಾತು ಆಮ್ಯಾಲ ನೋಡೂನು.’ ‘ತಲಿನ ಕೆಟ್ಟ ಮ್ಯಾಲ ಮಾತ ಕಲಿಸಿ ಏನ ಮಾಡ್ತೀರಿ?’ ‘ಆರ ತಿಂಗಳಾತು, ಇನ್ನ ಬರೂದಿಲ್ಲ ಬಿಡ್ರಿ.’ ಹೀಗೆನ್ನುವವರು ರೋಗಿಯ ಕೇಡು ಬಯಸಿದವರಲ್ಲ. ಬಹಳ ಸಲ ಅವರೇ ಮಗ, ಸೊಸೆ, ಅಣ್ಣತಮ್ಮಂದಿರು. ಆದರೂ ಈ ಮಾತುಗಳಿಂದ ಲಕ್ವಾ (ಪಾರ್ಶ್ವವಾಯು) ಹೊಡೆದವರ ಬಾಳು ಇನ್ನಷ್ಟು ಕಿರಿದಾಗುತ್ತಿದೆ. ಉತ್ತರ ಕೊಡದೆ ಸುಮ್ಮನಿರಲಾಗದು.

ತಲೆ ಕೆಟ್ಟಿದೆ ಎಂಬುದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ತಪ್ಪುಗಳು ಹುಟ್ಟುವುದು ಅಲ್ಲಿಂದಲೇ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಥವಾ ನಾಳ ಒಡೆದರೆ ಬಲಗೈ, ಬಲಗಾಲಿನ ಜೊತೆಗೆ ಭಾಷೆಯೂ ಪೆಟ್ಟು ತಿನ್ನುತ್ತದೆ. ಇದೇ ಅಫೇಸಿಯಾ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರುತ್ತದೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿಯ ಬಾಯಲ್ಲಿ ಹೆಚ್ಚುಕಡಿಮೆ ‘ಟಾನ್’ ಎಂಬ ಒಂದೇ ಸದ್ದು ಉಳಿದಿತ್ತು. ಜನರ ಮಾತು ಮಾತ್ರ ಅವನಿಗೆ ಬಹುಪಾಲು ತಿಳಿಯುತ್ತಿತ್ತು. ಇಳಕಲ್ಲಿನ ನೇಕಾರರಿಗೆ ಈ ಬಗೆಯ ಅಫೇಸಿಯಾ ಬಂದರೆ ‘ಗೋಮಿ’ ಎಂಬ ಸೀರೆ ದಡಿಯ ಹೆಸರು ನಾಲಿಗೆಗೆ ಬರಲಿಕ್ಕಿಲ್ಲ. ನಾಲ್ಕು ಸೀರೆ ಮುಂದಿಟ್ಟು ಕೇಳಿ, ಗೋಮಿ ದಡಿಯದ್ದನ್ನೇ ಮುಟ್ಟಿ ತೋರಿಸುತ್ತಾರೆ. ಸ್ವೀಡನ್ನಿನ ಕವಿ ತೋಮಾಸ್ ಟ್ರಾನ್‌ಸ್ಟ್ರೋಮರ್ ಅವರಿಗೆ 1990ರಲ್ಲಿ ಪಾರ್ಶ್ವವಾಯು ಆಗಿ ಮಾತು ಹೋಯಿತು, ಬಲಗೈ ಬಿತ್ತು. ಆಮೇಲೂ ಅವರ ಕವನ ಸಂಕಲನಗಳು ಬಂದವು, ಎಡಗೈಯಿಂದಲೇ ಪಿಯಾನೋ ನುಡಿಸಿದರು, 2011ರಲ್ಲಿ ನೊಬೆಲ್ ಪಡೆದರು. ಎಲ್ಲರಲ್ಲೂ ತಿಳಿವಳಿಕೆ ಹಾಗೇ ಉಳಿಯುತ್ತದೆಂದು ನಾನು ಹೇಳುತ್ತಿಲ್ಲ. ಕೆಲವರು ಸರಾಗವಾಗಿ ಮಾತಾಡುತ್ತಾರೆ, ಆ ಮಾತಿಗೆ ಅರ್ಥವಿರುವುದಿಲ್ಲ, ನಾವಾಡಿದ್ದೂ ಅವರಿಗೆ ಹತ್ತುವುದಿಲ್ಲ. ಅದೂ ಭಾಷೆಗೆ ಬಿದ್ದ ಪೆಟ್ಟೇ, ಹುಚ್ಚಲ್ಲ.

ಇನ್ನೊಂದು ಆರೋಪ ನನಗೆ ಬಹಳ ನೋವು ಕೊಡುತ್ತದೆ. ‘ವಚನ ಪೂರ್ತಿ ಹೇಳ್ತಾನ್ರೀ, ನೀರು ಬೇಕು ಅನ್ನಾಕ ಬರೂದಿಲ್ಲಂತ. ಎಲ್ಲಾ ನಾಟಕ!’ ಕೂಡಲಸಂಗಮದ ಸೀಮೆಯಲ್ಲಿ ಚಿಕ್ಕಂದಿನಿಂದ ವಚನ ಬಾಯಿಪಾಠ ಮಾಡಿದವರು, ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳ ಹಾಡು ಕೇಳಿ ಬೆಳೆದವರು ಎಷ್ಟೋ ಮಂದಿ. ಸಾವಿರಾರು ಸಲ ಅಂದದ್ದು, ಅಂದರೆ ಪ್ರಾರ್ಥನೆ, ಒಂದರಿಂದ ಹತ್ತು, ವಾರದ ಹೆಸರು, ಬೈಗುಳ ಕೂಡ, ಅಫೇಸಿಯಾದಲ್ಲಿ ಉಳಿದುಕೊಳ್ಳುವುದು ಸಾಮಾನ್ಯ. ಇವು ತಾವಾಗಿ ಹರಿದುಬರುವ ಮಾತು. ನೀರು ಕೇಳುವುದು ಹಾಗಲ್ಲ. ಆ ಗಳಿಗೆಯ ಬೇಕನ್ನು ಹಿಡಿದು, ಸರಿಯಾದ ಪದ ಆಯ್ದು, ವಾಕ್ಯ ಕಟ್ಟಬೇಕು. ಮುರಿದಿರುವುದು ಅದೇ ದಾರಿ. ಹಾಡಿಗೆ ಮಿದುಳಿನ ಬಲಭಾಗದ ಬೆಂಬಲವೂ ಉಂಟು. ಪದಗಳನ್ನು ರಾಗಕ್ಕೆ ಕೂಡಿಸಿ ಹೇಳಿಸುವ ಚಿಕಿತ್ಸಾ ಕ್ರಮವೇ ಇದೆ. ಹಾಡಬಲ್ಲವರನ್ನು ನಾಟಕ ಮಾಡುತ್ತಾರೆಂದು ಜರೆಯುವ ಮನೆ ತನ್ನ ಕೈಯಲ್ಲಿದ್ದ ಒಂದು ಮದ್ದನ್ನೇ ಚೆಲ್ಲುತ್ತಿದೆ.

ಬಜೆ ತೇಯ್ದು ನಾಲಿಗೆಗೆ ಹಚ್ಚುವವರಿಗೂ, ಮೈಗೆ ಹಚ್ಚಲು ಪಾರಿವಾಳದ ರಕ್ತ ಹುಡುಕಿಕೊಂಡು ಹೋಗುವವರಿಗೂ ಒಂದೇ ಉತ್ತರ: ಪೆಟ್ಟು ಬಿದ್ದಿರುವುದು ನಾಲಿಗೆಗಲ್ಲ, ಚರ್ಮಕ್ಕೂ ಅಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಸಮಯ ಲಕ್ಷಣ ಕಂಡಾಗಿನಿಂದ ನಾಲ್ಕೂವರೆ ತಾಸು. ಆ ಹೊತ್ತು ನಾಟಿ ಔಷಧದ ಓಡಾಟದಲ್ಲಿ ಕಳೆಯಬಾರದು.

‘ಬಾಯಿ ಬರದಿದ್ರ ಬರದು ತೋರಿಸ್ಲಿ’ ಎಂದು ಕೆಲವರು ಪಾಟಿ ಕೊಡುತ್ತಾರೆ. ಆದರೆ ಭಾಷೆಗೆ ಪೆಟ್ಟಾದಾಗ ಬರಹವೂ ಸಾಮಾನ್ಯವಾಗಿ ಕೆಡುತ್ತದೆ.

ಆರು ತಿಂಗಳ ಗಡುವು ಎಲ್ಲಿಂದ ಬಂತು? ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುವುದು ನಿಜ. ಅಲ್ಲಿಗೆ ಬಾಗಿಲು ಮುಚ್ಚಿತೆಂಬುದು ಸುಳ್ಳು. ಜರ್ಮನಿಯಲ್ಲಿ ಪಾರ್ಶ್ವವಾಯು ಆಗಿ ಆರು ತಿಂಗಳೋ ಅದಕ್ಕೂ ಹೆಚ್ಚೋ ಕಳೆದಿದ್ದ, ಅಫೇಸಿಯಾ ಇದ್ದ 156 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮೂರು ವಾರ, ವಾರಕ್ಕೆ ಕನಿಷ್ಠ ಹತ್ತು ತಾಸು ಚಿಕಿತ್ಸೆ ಪಡೆದವರ ದಿನಬಳಕೆಯ ಮಾತು ಸುಧಾರಿಸಿತು. ಚಿಕಿತ್ಸೆಗೆ ಕಾಯುತ್ತ ಕುಳಿತ ಗುಂಪಿನಲ್ಲಿ ಆ ಸುಧಾರಣೆ ಕಾಣಲಿಲ್ಲ. ಕೈಕಾಲು ಮೊದಲು ಎನ್ನುವವರಿಗೂ ಇಲ್ಲೇ ಹೇಳುತ್ತೇನೆ. ವ್ಯಾಯಾಮ ಮಾಡಿಸುವವರ ಮಾತು ರೋಗಿಗೆ ತಿಳಿಯಬೇಕಲ್ಲ? ಎರಡೂ ಒಟ್ಟಿಗೇ ಶುರುವಾಗಬೇಕು.

ಇನ್ನು ‘ಮೈಸೂರಾಗ ಅಷ್ಟ ದೊಡ್ಡ ಸಂಸ್ಥೆ ಐತಲ್ಲ, ಇಲ್ಯಾಕ?’ ಎಂಬ ಪ್ರಶ್ನೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಗ್ಗೆ ನನಗೆ ಗೌರವವಿದೆ. ಅಲ್ಲಿ ದುಡಿದ ವಾಕ್ ತಜ್ಞೆ ಪ್ರತಿಭಾ ಕಾರಂತ್ ಕನ್ನಡಕ್ಕಾಗಿ 1980ರಲ್ಲೇ ಭಾಷಾ ಪರೀಕ್ಷೆ ರೂಪಿಸಿದರು. ಅಫೇಸಿಯಾ ಅಳೆಯುವ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ಗೂ ಶ್ಯಾಮಲಾ ಚೆಂಗಪ್ಪ ಮತ್ತು ಸಂಗಡಿಗರ ಶ್ರಮದಿಂದ ಕನ್ನಡ ರೂಪ ಬಂದಿದೆ. ಆದರೆ ಬಸವ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿಯಿಡೀ ಕುಳಿತು, ಒಂದು ಪಕ್ಕ ಬಿದ್ದವರನ್ನು ವಾರವಾರ ಕರೆದೊಯ್ಯಲು ಯಾವ ಕೂಲಿಯ ಮನೆಗೆ ಆದೀತು? ಧಾರವಾಡದ ಕೆಲಗೇರಿಯ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ ಹತ್ತಿರದ್ದು, ಅದಕ್ಕೂ ಒಂದು ದಿನದ ದುಡಿಮೆ ಬಿಡಬೇಕು. ಮಾತು ಮರಳಬೇಕಾದದ್ದು ಮನೆಯ ಮಾತಿನಲ್ಲಿ. ‘ಎಲ್ಲಿಗೆ ಹೊಂಟೀರಿ’ ಎಂದು ಕೇಳುವ ಚಿಕಿತ್ಸಕರು ಬೇಕು; ಚಿತ್ರದಲ್ಲಿ ರೊಟ್ಟಿ, ಮಗ್ಗ, ಎತ್ತು ಇರಬೇಕು. ಇಳಕಲ್ಲಿನಲ್ಲಿ ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ ಆಡುವವರಿಗೆ ‘ಎರಡು ಭಾಷೆ ಬೆರೆಸಿದ್ದಕ್ಕೇ ಗೊಂದಲ’ ಎನ್ನುವುದೂ ಸರಿಯಲ್ಲ. ಹೈದರಾಬಾದಿನಲ್ಲಿ ಪಾರ್ಶ್ವವಾಯು ಆದ 608 ಜನರನ್ನು ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಎರಡು ಭಾಷೆ ಬಲ್ಲವರಲ್ಲಿ ಶೇ. 40.5ರಷ್ಟು ಮಂದಿಯ ಗ್ರಹಿಕೆ ಸಹಜವಾಗಿ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಶೇ. 19.6. ಅಫೇಸಿಯಾ ಎರಡೂ ಗುಂಪಿನಲ್ಲಿ ಸರಿಸುಮಾರು ಸಮನಾಗಿತ್ತು.

ಕೊನೆಯ ಆಕ್ಷೇಪ ಬಾಯಿಬಿಟ್ಟು ಬರುವುದು ಕಡಿಮೆ, ನಡೆಯುವುದು ಹೆಚ್ಚು: ‘ಅವರನ್ನೇನ ಕೇಳೂದೈತಿ, ಹೆಬ್ಬಟ್ಟ ಒತ್ತಿಸ್ರಿ.’ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಫೇಸಿಯಾವನ್ನು ಹೆಸರಿಸಿ, ವಾಕ್ ಮತ್ತು ಭಾಷಾ ವೈಕಲ್ಯದಲ್ಲಿ ಸೇರಿಸಿದೆ. ಸೇರಿಸಿದ್ದು ದೈಹಿಕ ವೈಕಲ್ಯದ ಪಟ್ಟಿಯಲ್ಲಿ, ಬೌದ್ಧಿಕ ಅಥವಾ ಮಾನಸಿಕ ವೈಕಲ್ಯದ ಪಟ್ಟಿಯಲ್ಲಲ್ಲ. ಅದರ 13ನೇ ಕಲಮು ಆಸ್ತಿ ಹೊಂದುವ, ಹಣಕಾಸು ನೋಡಿಕೊಳ್ಳುವ ಹಕ್ಕು ಉಳಿದವರಂತೆಯೇ ಇವರಿಗೂ ಇದೆ ಎನ್ನುತ್ತದೆ. ಆದ್ದರಿಂದ ಹೊಲದ ಉತಾರದಲ್ಲಿ ಹೆಸರು ಬದಲಾಗುವ ಮುನ್ನ, ಅಣೆಕಟ್ಟಿನ ಹಿನ್ನೀರಿಗೆ ಹೋದ ಜಮೀನಿನ ಪರಿಹಾರದ ಹಣ ಕೈಬದಲಾಗುವ ಮುನ್ನ ಅವರನ್ನು ಕೇಳಬೇಕು. ಕೇಳುವ ರೀತಿ ಇದೆ: ಕಾಗದ ಮುಂದಿಟ್ಟು, ಚಿಕ್ಕ ವಾಕ್ಯದಲ್ಲಿ, ಒಂದೊಂದೇ ಪ್ರಶ್ನೆ, ಉತ್ತರಕ್ಕೆ ಪೂರ್ತಿ ಸಮಯ. ‘ಹೊಲ ಹಿರಿಮಗನ ಹೆಸರಿಗಷ್ಟೇ ಹಚ್ಚೂದಾ?’ ಎಂದು ಕೇಳಿದ ಮೇಲೆ ‘ಸಣ್ಣ ಮಗನ ಹೆಸರಿಗಷ್ಟೇ ಹಚ್ಚೂದಾ?’ ಎಂದೂ ಕೇಳಬೇಕು. ಎರಡಕ್ಕೂ ಹೌದೆಂದು ತಲೆಯಾಡಿಸಿದರೆ ಪ್ರಶ್ನೆ ತಿಳಿದಿಲ್ಲ ಎಂದೇ ಹಿಡಿದು, ವಾಕ್ ಚಿಕಿತ್ಸಕರ ಪರೀಕ್ಷೆ ಆಗುವವರೆಗೆ ಯಾರೂ ಆ ಬೆರಳಿಗೆ ಮಸಿ ಹಚ್ಚಬಾರದು.