ಹಿಮದ ಹಾದಿಯಲ್ಲಿ ಹಿಂದಿರುಗುವ ವಿವೇಕ

ಚಳಿಗಾಲದಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡು ಹಿಮಾಲಯದ ಚಾರಣಕ್ಕೆ ಹೊರಡುವುದು ಇಂದಿನ ಯುವಜನರಲ್ಲಿ ರೂಢಿಯಾಗುತ್ತಿದೆ. ಉತ್ತರಾಖಂಡದ ಕೇದಾರಕಂಠದಂತಹ ಶಿಖರಗಳು ಹಿಮದಲ್ಲಿ ಮುಳುಗಿರುವ ಡಿಸೆಂಬರ್, ಜನವರಿ ತಿಂಗಳುಗಳನ್ನೇ ಅವರು ಆರಿಸಿಕೊಳ್ಳುತ್ತಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದಿಂದ ಓದಿಗಾಗಿ, ಉದ್ಯೋಗಕ್ಕಾಗಿ ದೊಡ್ಡ ನಗರ ಸೇರಿದ ಮಕ್ಕಳು ಈ ಮಾತೆತ್ತಿದರೆ ಮನೆಯ ಹಿರಿಯರು ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರ ನೀಡುತ್ತಾರೆ: ‘ಬೇಡವೇ ಬೇಡ’, ಇಲ್ಲವೇ ‘ಗೆಳೆಯರಿದ್ದಾರಲ್ಲ, ಹೋಗಿ ಬಾ’. ಇವೆರಡೂ ಸಾಲವು. ‘ಯಾವ ಸ್ಥಿತಿಯಲ್ಲಿ ಹಿಂದಿರುಗುವಿರಿ ಎಂಬುದನ್ನು ಎಲ್ಲರೂ ಕೂಡಿ ಮೊದಲೇ ನಿಶ್ಚಯಿಸಿಕೊಂಡು ಹೊರಡಿ’ ಎಂಬುದೇ ಸರಿಯಾದ ಉತ್ತರವೆಂದು ನನ್ನ ಅಭಿಪ್ರಾಯ.

ನಮ್ಮದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲುಸೀಮೆ. ಇಲ್ಲಿ ಬೆಳೆದ ದೇಹವು 2,500 ಮೀಟರ್ ದಾಟಿದೊಡನೆ ಪ್ರಾಣವಾಯುವಿನ ಕೊರತೆಯನ್ನು ಅನುಭವಿಸಬಹುದು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವಿಕೆ, ನಿದ್ರಾಹೀನತೆ ಇದರ ಮೊದಲ ಲಕ್ಷಣಗಳು. ಆದುದರಿಂದಲೇ 3,000 ಮೀಟರ್‌ಗಿಂತ ಮೇಲೆ ಮಲಗುವ ತಾಣದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ.

ಮೊಣಕಾಲುದ್ದ ಹಿಮದಲ್ಲಿ ಪ್ರತಿ ಹೆಜ್ಜೆಯನ್ನೂ ಕಿತ್ತು ಇಡಬೇಕು. ಆ ಶ್ರಮಕ್ಕೆ ಮೈ ಬೆವರುತ್ತದೆ. ನಿಂತ ಕೂಡಲೇ ಒದ್ದೆಯಾದ ಬಟ್ಟೆಯು ಮೈಶಾಖವನ್ನು ಹೀರತೊಡಗುತ್ತದೆ. ನಮ್ಮ ಬಿಸಿಲಿಗೆ ಹಿತವಾದ ಹತ್ತಿಬಟ್ಟೆ ಅಲ್ಲಿ ಶತ್ರು. ಮಳೆಯಲ್ಲಿ ನೆನೆದರೂ ಕುರಿಗಾಹಿಯನ್ನು ಬೆಚ್ಚಗಿಡುವ ಕಂಬಳಿಯ ಗುಣವನ್ನು ಬಲ್ಲ ನಮ್ಮವರಿಗೆ, ಉಣ್ಣೆಯೇ ಮೇಲು ಎಂಬುದನ್ನು ವಿವರಿಸಬೇಕಾಗಿಲ್ಲ.

ದೇಹದ ಒಳಶಾಖವು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ ಆರಂಭವಾಗುತ್ತದೆ. ಮೊದಲು ನಡುಕ, ಬಳಿಕ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಚೇತರಿಕೆಯಲ್ಲ, ಗಂಡಾಂತರದ ಸೂಚನೆ. ಈ ಹೊತ್ತಿಗೆ ರೋಗಿಯ ವಿವೇಚನೆಯೂ ಮಂಕಾಗಿರುತ್ತದೆ; ‘ನನಗೇನೂ ಆಗಿಲ್ಲ’ ಎಂದೇ ಆತ ಹೇಳುತ್ತಾನೆ. ಅವನ ಸ್ಥಿತಿಯನ್ನು ಗೆಳೆಯನ ಕಣ್ಣೇ ಅರಿಯಬೇಕು. ಆದರೆ ಗುಂಪಿನಲ್ಲಿ ಇದಕ್ಕೆ ವಿರುದ್ಧವಾದುದೇ ನಡೆಯುವುದುಂಟು. ನಗೆಪಾಟಲಾದೇನೆಂದು ಒಬ್ಬ ತಲೆನೋವನ್ನು ಮುಚ್ಚಿಡುತ್ತಾನೆ. ಖರ್ಚುಮಾಡಿ ಬಂದದ್ದು ವ್ಯರ್ಥವಾದೀತೆಂದು ಉಳಿದವರು ಮುಂದೆ ನಡೆಯುತ್ತಾರೆ.

ಅನುಭವವೊಂದೇ ರಕ್ಷೆಯಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಪ್ರದೇಶದಲ್ಲಿ ಹಿಮಗಾಳಿಗೆ ಸಿಲುಕಿದ 22 ಜನರ ತಂಡದಲ್ಲಿ 9 ಮಂದಿ ಮೃತಪಟ್ಟರು. ತಂಡದ ಬಹುತೇಕರು ಕರ್ನಾಟಕದವರು, ಅವರಲ್ಲಿ ಚಾರಣದ ಅನುಭವಿಗಳೂ ಇದ್ದರು. ಅದು ಚಳಿಗಾಲವೂ ಆಗಿರಲಿಲ್ಲ. ಬೇಸಿಗೆಯಲ್ಲೇ ಹೀಗಾದರೆ ಜನವರಿಯಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಓದುಗರೇ ಊಹಿಸಬಹುದು.

ಹೊರಡುವ ಮೊದಲು ವೈದ್ಯರಿಂದ ಹೃದಯ, ರಕ್ತದೊತ್ತಡಗಳ ತಪಾಸಣೆಯಾಗಲಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗವೇ ಗುಂಪಿನ ವೇಗವಾಗಲಿ. ತಲೆನೋವಿದ್ದವನು ಮೇಲೇರಬಾರದು, ಅದು ಹೆಚ್ಚಿದರೆ ಕೆಳಗಿಳಿಯಬೇಕು, ಜೊತೆಗೊಬ್ಬರು ಇಳಿಯಲೇಬೇಕು. ಮೈ ತಣ್ಣಗಾದವನ ಒದ್ದೆ ಬಟ್ಟೆ ಬದಲಿಸಿ, ಗಾಳಿಯಿಲ್ಲದೆಡೆ ಬೆಚ್ಚಗೆ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಶಾಖವನ್ನು ಹೊರಚೆಲ್ಲುತ್ತದೆ. ಅದು ಸರ್ವಥಾ ಸಲ್ಲದು. ಮರಗಟ್ಟಿದ ಬೆರಳುಗಳನ್ನು ಉಜ್ಜುವುದೂ, ಬೆಂಕಿಗೆ ಹಿಡಿಯುವುದೂ ತಪ್ಪು.

ಹಿಂದಿರುಗುವುದು ಹೇಡಿತನವೆಂಬ ಭಾವನೆಯೇ ಈ ಎಲ್ಲ ಎಚ್ಚರಿಕೆಗಳನ್ನು ಸೋಲಿಸುವಂಥದು. ಶಿಗ್ಗಾವಿಗೆ ಸಮೀಪದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತುಹೋಗಿದ್ದು, ಜೀವಂತವಾಗಿ ಹೊರಬಂದರೂ ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರನ್ನು ಅಲ್ಲಿ ನಿಲ್ಲಿಸಿದ್ದು ಕರ್ತವ್ಯ. ಇಳಿದು ಬರುವ ಆಯ್ಕೆ ಅವರಿಗಿರಲಿಲ್ಲ. ಸಂತೋಷಕ್ಕಾಗಿ ಹೋಗುವವರಿಗೆ ಆ ಆಯ್ಕೆ ಪ್ರತಿ ಹೆಜ್ಜೆಗೂ ಇದೆ. ಶಿಖರವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಜೊತೆಗೆ ಹೋದವರೆಲ್ಲರೂ ಜೊತೆಗೇ ಮನೆಗೆ ಬಂದರೆ ಆ ಚಾರಣ ಸಫಲವಾದಂತೆಯೇ ಸರಿ.