ನೆಲ ನೋಡಿ ನಡಿ ಯವ್ವಾ

ಊರಿಗೆ ಮರಳಿ ಮೂರು ವಾರವಾಯಿತು. ಸೇಡಂನ ತರಕಾರಿ ಸಂತೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗಲೂ ಒಂದೇ ಪ್ರಶ್ನೆ. "ಟೀಚರ್, ಡೆನ್ಮಾರ್ಕ್ ಹ್ಯಾಂಗದ?" ಬಾಯಲ್ಲಿ ಹತ್ತಿ ತುರುಕಿ ಕೇಳಿದರೆ ನಾನೇನು ಹೇಳಲಿ? ಎಲ್ಲರಿಗೂ ಒಂದೇ ಸಲ ಹೇಳಿ ಮುಗಿಸೋಣ ಅಂತ ಈ ಸಲದ ಅಂಕಣವನ್ನು ಕೋಪನ್‌ಹೇಗನ್ನಿಗೇ ಬಿಟ್ಟುಕೊಟ್ಟಿದ್ದೇನೆ.

ಮೊದಲೇ ಒಂದು ಮಾತು. ನನಗೊಂದು ಚಟ ಇದೆ. ಯಾವ ಊರಿಗೆ ಹೋದರೂ ಮೊದಲು ನೋಡುವುದು ನೆಲ. ಇದು ನಮ್ಮ ಮನೆಯವರಿಂದ ಅಂಟಿದ್ದು. ಅವರದು ಶಹಾಬಾದದಲ್ಲಿ ಫರಸಿ ಕಲ್ಲಿನ ಯಾರ್ಡು, ಒಂದು ಪಾಲಿಶ್ ಮಶೀನು. ಬೆಳಿಗ್ಗೆ ಪ್ಯಾಸೆಂಜರ್ ಹತ್ತಿ ಮಳಖೇಡ ರೋಡ್, ಚಿತ್ತಾಪುರ, ವಾಡಿ ದಾಟಿ ಹೋದರೆ ಬರುವುದು ರಾತ್ರಿಯೇ. ಬಂದಾಗ ಹುಬ್ಬಿನ ಮೇಲೂ ಕಲ್ಲಿನ ಹುಡಿ. ಯಾರದೋ ಮದುವೆಗೆ ಮುಂಬೈ, ಪುಣೆ ಕಡೆ ಹೋದರೆ ವಧುವರರನ್ನು ಬಿಟ್ಟು ಮಂಟಪದ ನೆಲವನ್ನು ಹಿಮ್ಮಡಿಯಿಂದ ಕುಟ್ಟಿ, "ಇದು ನಮ್ಮ ಕಡೀದ" ಅನ್ನುತ್ತಿದ್ದರು. ನನಗೆ ನಾಚಿಕೆ. ಈಗ ನಾನೇ ಹಾಗೆ ಮಾಡುತ್ತೇನೆ. ಅವರು ಹೋಗಿ ನಾಲ್ಕು ವರ್ಷ. ಯಾರ್ಡಿಗೆ ಬೀಗ ಹಾಕಿದೆ. ಪಕ್ಕದ ಯಾರ್ಡಿನವನು ಮೂರು ವರ್ಷದಿಂದ ಕೇಳುತ್ತಿದ್ದಾನೆ, ನಾನು "ಮಗ ಬರ್ತಾನ, ಅವನೇ ನೋಡ್ತಾನ" ಅಂತ ಕಳಿಸುತ್ತಿದ್ದೆ.

ಮಗ ಕೋಪನ್‌ಹೇಗನ್‌ಗೆ ಹೋಗಿ ಒಂಬತ್ತು ವರ್ಷ. ಸೊಸೆ ನಮ್ಮ ಚಿಂಚೋಳಿಯವಳೇ. ಮೊಮ್ಮಗನಿಗೆ ಆರು. ನನಗೆ ಸಿಕ್ಕಿದ್ದು 90 ದಿನದ ವೀಸಾ. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಸೇಡಂನ ತೊಗರಿ ಬ್ಯಾಳಿ ಎಲ್ಲ ಕಟ್ಟಿಕೊಂಡು ಜೂನ್‌ನಲ್ಲಿ ಇಳಿದೆ. ಇಲ್ಲಿ ರೊಟ್ಟಿ ನೆರಳಲ್ಲೇ ಸುಡುವಷ್ಟು ಬಿಸಿಲು ಬಿಟ್ಟು ಹೋದವಳು, ಅಲ್ಲಿ ಬೇಸಿಗೆ ಅಂತ ಸ್ವೆಟರ್ ಹಾಕಿಕೊಂಡೆ. ರಾತ್ರಿ ಹತ್ತಾದರೂ ಕತ್ತಲಿಲ್ಲ. ಮೊದಲ ವಾರ ಊಟ ಯಾವಾಗ, ನಿದ್ದೆ ಯಾವಾಗ ತಿಳಿಯದೆ ದೇವರಿಗೆ ದೀಪ ಹಚ್ಚುವ ಹೊತ್ತನ್ನು ಗಡಿಯಾರ ನೋಡಿ ಹಚ್ಚಿದೆ.

ಮೊದಲ ದಿನ ಕರೆದೊಯ್ದದ್ದು ಸ್ಟ್ರೋಯೆಟ್ ಅನ್ನುವ ಬೀದಿಗೆ. ಹೆಸರು ಒಂದೇ, ಆದರೆ ಒಂದಕ್ಕೊಂದು ಜೋಡಿಸಿದ ಹಲವು ಬೀದಿಗಳು. ಟೌನ್‌ಹಾಲ್ ಚೌಕದಿಂದ ಕೊಂಗೆನ್ಸ್ ನ್ಯೂಟೋರ್ ಚೌಕದವರೆಗೆ ಸುಮಾರು 1.1 ಕಿಲೋಮೀಟರು. ಉದ್ದಕ್ಕೂ ಒಂದು ಮೋಟಾರಿಲ್ಲ. 1962ರ ನವೆಂಬರಿನಲ್ಲಿ ಪರೀಕ್ಷೆಗೆ ಅಂತ ಕಾರು ನಿಲ್ಲಿಸಿದರಂತೆ. ಅಂಗಡಿಯವರು ಗಿರಾಕಿ ಬರುವುದಿಲ್ಲ ಅಂತ ಗದ್ದಲ ಮಾಡಿದರು. ಗಿರಾಕಿ ಹೆಚ್ಚಾದರು. ಎರಡು ವರ್ಷಕ್ಕೆ ಕಾಯಂ ಆಯಿತು. ನಮ್ಮ ಊರಿನ ಬಜಾರಿನಲ್ಲಿ ಯಾರಾದರೂ ಒಂದು ದಿನ ಬೈಕು ನಿಲ್ಲಿಸಿ ನೋಡಲಿ, ಅವರ ಮನೆ ಮುಂದೆ ಧರಣಿ ಕೂರುತ್ತಾರೆ.

ಅಂಗಡಿಗಳ ಬಗ್ಗೆ ಹೇಳುವುದೇನೂ ಇಲ್ಲ, ಬೆಂಗಳೂರಿನ ಮಾಲಿನಲ್ಲಿರುವ ಹೆಸರುಗಳೇ ಅಲ್ಲೂ ಇವೆ. ಒಂದು ಕಾಫಿಗೆ ಕೊಟ್ಟ ದುಡ್ಡಿನಲ್ಲಿ ಸೇಡಂನಲ್ಲಿ ವಾರದ ತರಕಾರಿ ಬರುತ್ತದೆ. ಲೆಕ್ಕ ಹಾಕಬೇಡ ಅಂದ ಮಗ. ಲೆಕ್ಕ ಹಾಕದೆ ಕುಡಿಯಲು ನಾನೇನು ರಾಣಿಯೇ?

ಆದರೆ ಅರ್ಧ ದಾರಿಯಲ್ಲಿ ಅಮಾಯರ್‌ಟೋರ್ ಅನ್ನುವ ಚೌಕ ಬಂತು. ಕೊಕ್ಕರೆಗಳ ಕಾರಂಜಿ ಇದೆ, 1894ರದು. ಎಲ್ಲರೂ ಕಾರಂಜಿಯ ಫೋಟೋ ತೆಗೆಯುತ್ತಿದ್ದರು. ನಾನು ಕೆಳಗೆ ನೋಡಿ ನಿಂತುಬಿಟ್ಟೆ. ಚೌಕದ ನೆಲವೆಲ್ಲ ಬಣ್ಣಬಣ್ಣದ ಗ್ರಾನೈಟು, ಕೋನ ಕೋನ ಕೂಡಿಸಿ ನಕ್ಷತ್ರದ ಹಾಗೆ ಬಿಡಿಸಿದ ಹಾಸು. ಬಿಯೋರ್ನ್ ನೋರ್‌ಗೋರ್ ಅನ್ನುವ ಕಲಾವಿದ 1993ರಲ್ಲಿ ಮಾಡಿದ್ದು ಅಂತ ಸೊಸೆ ಫೋನ್ ನೋಡಿ ಹೇಳಿದಳು. ಸಂದಿಗೆ ಉಗುರು ಹೋಗುವುದಿಲ್ಲ. ನಮ್ಮ ಮನೆಯವರು ಇದ್ದಿದ್ದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಅಳೆಯುತ್ತಿದ್ದರು. ನಾನು ಬಗ್ಗಿ ಮುಟ್ಟಿದೆ. ಹಿಂದಿನಿಂದ ಬಂದ ಅಜ್ಜನೊಬ್ಬ ಏನೋ ಕಳೆದುಕೊಂಡಿದ್ದಾಳೆ ಅಂದುಕೊಂಡು ತಾನೂ ಬಗ್ಗಿ ಹುಡುಕಲು ಶುರುಮಾಡಿದ. ಒಳ್ಳೆ ಜನ.

ಬೇರೆ ಬೀದಿಗಳಲ್ಲಿ ಫುಟ್‌ಪಾತ್‌ಗೆ ಎರಡು ಸಾಲು ಅಗಲ ಹಾಸು, ನಡುವೆ ಹಿಡಿಯಷ್ಟು ಗ್ರಾನೈಟ್ ತುಂಡುಗಳು. ನಮ್ಮ ಶಹಾಬಾದ ಕಲ್ಲು ಪದರುಪದರಾಗಿ ಏಳುತ್ತದೆ, ಹಾರೆ ಕೊಟ್ಟರೆ ಹಪ್ಪಳ ಬಿಡಿಸಿದ ಹಾಗೆ. ಗ್ರಾನೈಟು ಹಾಗಲ್ಲ, ಒಡೆಯಬೇಕು. ಅವರಿಗೆ ಬೋರ್ನ್‌ಹೋಲ್ಮ್ ಅನ್ನುವ ದ್ವೀಪ ಇದೆ, ಗ್ರಾನೈಟಿನ ಗಣಿ ಅಲ್ಲಿ. ಇದನ್ನೆಲ್ಲ ನೋಡುತ್ತ ನಡೆಯುವಾಗ ಕಾಲು ಎಲ್ಲಿಟ್ಟೆನೋ, ಟಿಣಿಟಿಣಿ ಅಂತ ಗಂಟೆ, ಯಾರೋ ಕೂಗಿದರು, ಮಗ ತೋಳು ಹಿಡಿದು ಎಳೆದ. ಸೈಕಲ್ಲಿನ ದಾರಿಗೆ ಇಳಿದಿದ್ದೆ. ಆ ಊರಿನಲ್ಲಿ ಸೈಕಲ್ಲಿಗೆ ಬೇರೆಯೇ ಪಟ್ಟಿ, ಅದರಲ್ಲಿ ಕೋಟು ಹಾಕಿದವರು, ಮುಂದಿನ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು ರೈಲಿನ ಹಾಗೆ ಬರುತ್ತಾರೆ.

"ನೆಲ ನೋಡಿ ನಡಿ ಯವ್ವಾ!" ಅಂದ.

"ನೆಲಾನೇ ನೋಡ್ಲತ್ತಿದ್ದೆ, ಅದಕ್ಕೇ ಹಿಂಗಾತು" ಅಂದೆ.

ನ್ಯೂಹಾವ್ನ್ ಕಾಲುವೆಯನ್ನು ನೀವೂ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. ಹಳದಿ, ಕೆಂಪು, ನೀಲಿ ಮನೆಗಳು, ಮುಂದೆ ಹಳೆಯ ಹಡಗುಗಳು. ಅಗೆದದ್ದು 1670ರ ದಶಕದ ಮೊದಲಲ್ಲಿ, ಯುದ್ಧದಲ್ಲಿ ಸೆರೆಸಿಕ್ಕ ಸ್ವೀಡನ್ ಸೈನಿಕರ ಕೈಯಲ್ಲಿ. ಫೋಟೋದಲ್ಲಿ ಇದು ಕಾಣುವುದಿಲ್ಲ. ಅಲ್ಲಿನ ಜನ ಅಂಚಿನ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಬಿಸಿಲಿಗೆ ಮುಖ ಕೊಟ್ಟು ಕೂರುತ್ತಾರೆ, ಕಣ್ಣು ಮುಚ್ಚಿ, ಪೂಜೆಗೆ ಕೂತ ಹಾಗೆ. ಬಿಸಿಲನ್ನು ಬೈಯದ ಜನರನ್ನು ನಾನು ಕಂಡದ್ದು ಅದೇ ಮೊದಲು. ಮಕ್ಕಳ ಕಥೆಗಳ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಈ ಕಾಲುವೆಯ ಮೇಲೆ ಮೂರು ಮನೆಗಳಲ್ಲಿ, 20, 67, 18ನೇ ನಂಬರುಗಳಲ್ಲಿ, ಬೇರೆ ಬೇರೆ ಕಾಲಕ್ಕೆ ಇದ್ದನಂತೆ. ಮೂರೂ ಬಾಡಿಗೆಯವೇ ಇರಬೇಕು, ಬರೆಯುವವರ ಹಣೆಬರಹ.

ಅವನ ಮತ್ಸ್ಯಕನ್ಯೆಯನ್ನು ನೋಡಲು ಮರುದಿನ ಹೋದೆವು. ಬಸ್ಸಿಳಿದು ಬಹಳ ನಡೆಯಬೇಕು. ಜನ ಮುತ್ತಿದ್ದರು, ಸಂದಿಯಲ್ಲಿ ನುಗ್ಗಿ ನೋಡಿದರೆ ಒಂದು ಬಂಡೆಯ ಮೇಲೆ ನಾಲ್ಕಡಿಯ ಹುಡುಗಿ. "ಇಷ್ಟೇನಾ?" ಅಂತ ನನ್ನ ಬಾಯಿಂದ ಬಂತು. ಪಕ್ಕದಲ್ಲಿ ಯಾರೋ ತಮ್ಮ ಭಾಷೆಯಲ್ಲಿ ಅದನ್ನೇ ಅಂದರು, ಮುಖ ನೋಡಿದರೆ ಗೊತ್ತಾಗುತ್ತದೆ. 1913ರಲ್ಲಿ ಎಡ್ವರ್ಡ್ ಎರಿಕ್ಸೆನ್ ಮಾಡಿದ್ದು, ಕೊಡಿಸಿದವನು ಬೀರು ಕಂಪನಿಯ ಯಜಮಾನ ಕಾರ್ಲ್ ಯಾಕೊಬ್ಸೆನ್. 1964ರಲ್ಲಿ ಯಾರೋ ತಲೆ ಗರಗಸದಿಂದ ಕೊಯ್ದರು, 1984ರಲ್ಲಿ ಕೈ, 1998ರಲ್ಲಿ ಮತ್ತೆ ತಲೆ. ಪ್ರತಿಸಲ ಸರಿಪಡಿಸಿ ಕೂರಿಸುತ್ತಾರೆ. ನಮ್ಮ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ಕಿದೆ, ಪಕ್ಕದಲ್ಲೇ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರು. ನಮ್ಮ ಕಡೆಯ ಸುಣ್ಣದ ಕಲ್ಲಿನ ಚಪ್ಪಡಿಯ ಮೇಲೆಯೇ ಕೆತ್ತಿದ್ದು. ಅದರ ಮುಂದೆ ಹೀಗೆ ಜನ ಮುತ್ತಿದ್ದನ್ನು ನಾನು ಕಂಡಿಲ್ಲ. ಶಾಲೆ ಮಕ್ಕಳನ್ನು ಒಮ್ಮೆ ಕರೆದೊಯ್ದಿದ್ದೆ, ಅರ್ಧ ಮಕ್ಕಳು ಕುರಿ ಮರಿ ಹಿಂದೆ ಹೋದರು.

ಆ ಹುಡುಗಿಯ ಕಥೆಯನ್ನು ನಾಲ್ಕನೇ ಇಯತ್ತೆಗೆ ಎಷ್ಟೋ ವರ್ಷ ಹೇಳಿದ್ದೇನೆ. ದಡದ ಮೇಲೆ ಬದುಕಲು ಕಾಲು ಬೇಕು ಅಂತ ಸಮುದ್ರದ ಮಾಟಗಾತಿಗೆ ತನ್ನ ನಾಲಿಗೆಯನ್ನೇ ಕೊಡುತ್ತಾಳೆ. ಕಾಲು ಬರುತ್ತವೆ, ಆದರೆ ಹೆಜ್ಜೆಹೆಜ್ಜೆಗೂ ಚೂರಿಯ ಮೇಲೆ ನಡೆದ ಹಾಗೆ. ಮೊಣಕಾಲು ನೋವಿನವಳಿಗೆ ಈ ಭಾಗ ಚೆನ್ನಾಗಿ ತಿಳಿಯುತ್ತದೆ. ಮೊಮ್ಮಗನಿಗೆ ಅಲ್ಲೇ ಹೇಳೋಣ ಅಂತ ಶುರುಮಾಡಿದೆ. ಅವನು ಕೇಳಿದ, ತಲೆ ಆಡಿಸಿದ, ಆಮೇಲೆ ಅಪ್ಪನ ಕಡೆ ತಿರುಗಿ ಡೇನಿಶ್‌ನಲ್ಲಿ ಏನೋ ಕೇಳಿದ.

"ಏನಂತಾನ?"

"ನಾಲಗಿ ಅಂದ್ರ ಏನು ಅಂತ ಕೇಳ್ಲತ್ತಾನ, ಯವ್ವಾ."

ನಾನು ನಾಲಿಗೆ ಹೊರಗೆ ಚಾಚಿ ತೋರಿಸಿದೆ. ಅವನು ಬಿದ್ದು ಬಿದ್ದು ನಕ್ಕ. ಪ್ರವಾಸಿಗರೂ ನಕ್ಕರು.

ವಾಲ್ಬಿ ಅನ್ನುವ ಬಡಾವಣೆಯ ಮೇಲೆ ರೈಲಿನಲ್ಲಿ ಹೋಗುವಾಗ ಮಗ ಒಂದು ವಿಷಯ ಹೇಳಿದ, ಸಿಮೆಂಟಿನ ಊರಿನವಳಾಗಿ ನನಗೆ ಗೊತ್ತಿರಲಿಲ್ಲ. ಸಿಮೆಂಟ್ ಯಂತ್ರ ಮಾಡುತ್ತಿದ್ದ ಎಫ್.ಎಲ್. ಸ್ಮಿತ್ ಕಂಪನಿ 1882ರಲ್ಲಿ ಈ ಊರಲ್ಲೇ ಹುಟ್ಟಿದ್ದು, ಬಹುಕಾಲ ಅದರ ಕಚೇರಿ ವಾಲ್ಬಿಯಲ್ಲಿತ್ತು. ಅದರ ಇಬ್ಬರು ಇಂಜಿನಿಯರುಗಳು, ಹೋಲ್ಕ್-ಲಾರ್ಸೆನ್ ಮತ್ತು ಟುಬ್ರೋ, 1930ರ ದಶಕದಲ್ಲಿ ಸಿಮೆಂಟಿನ ಕೆಲಸದ ಮೇಲೆ ನಮ್ಮ ದೇಶಕ್ಕೆ ಬಂದು 1938ರಲ್ಲಿ ಮುಂಬೈಯಲ್ಲಿ ಸ್ವಂತ ಕಂಪನಿ ತೆಗೆದರು. ಎಲ್ ಅಂಡ್ ಟಿ ಅಂದರೆ ಅವರೇ. ವಾಡಿ, ಶಹಾಬಾದ, ಸೇಡಂ, ಎಲ್ಲಿ ನೋಡಿದರೂ ಚಿಮಣಿ ಇರುವ ನಾವು ಆ ಎರಡು ಅಕ್ಷರವನ್ನು ಎಷ್ಟು ಸಲ ಓದಿದ್ದೇವೆ, ಅದರ ಹಿಂದೆ ಎರಡು ಡೇನಿಶ್ ಮನೆತನದ ಹೆಸರು ಇದೆ ಅಂತ ಯಾರು ಯೋಚಿಸಿದ್ದಾರೆ?

"ಅವರು ಊರಿಗಿ ಹೊಳ್ಳಿ ಬರ್ಲಿಲ್ಲೇನು?" ಅಂತ ಸಹಜವಾಗಿ ಕೇಳಿದೆ. ಮಗ ಕಿಟಕಿಯ ಹೊರಗೆ ನೋಡಿದ. ಅದು ಯಾಕೆ ಅಂತ ನನಗೆ ಮರುವಾರ ತಿಳಿಯಿತು.

ಮರುವಾರ ನೋಡಿದ್ದು ರುಂಡೆಟೋರ್ನ್, ದುಂಡು ಗೋಪುರ. ನಾಲ್ಕನೇ ಕ್ರಿಶ್ಚಿಯನ್ ರಾಜ ನಕ್ಷತ್ರ ನೋಡಲು ಕಟ್ಟಿಸಿದ್ದು, 1642ರಲ್ಲಿ ಮುಗಿಯಿತು. ಎತ್ತರ ಸುಮಾರು 35 ಮೀಟರು. ನಾನು ಕೆಳಗೇ ಕೂರುತ್ತೇನೆ, ನೀವು ಹೋಗಿ ಅಂದೆ. "ಮೆಟ್ಟಿಲೇ ಇಲ್ಲ ಅತ್ತಿ, ಬರ್ರಿ" ಅಂದಳು ಸೊಸೆ. ಖರೇನೇ. ಒಳಗೆ ಮೆಟ್ಟಿಲಿನ ಬದಲು ಇಟ್ಟಿಗೆ ಹಾಸಿದ ಅಗಲವಾದ ಇಳಿಜಾರು, ನಡುವಿನ ಕಂಬವನ್ನು ಏಳೂವರೆ ಸುತ್ತು ಸುತ್ತಿ ಮೇಲೇರುತ್ತದೆ. 1716ರಲ್ಲಿ ರಷ್ಯಾದ ದೊರೆ ಪೀಟರ್ ಕುದುರೆ ಮೇಲೇ ಹತ್ತಿದನಂತೆ. ಬಿಳಿ ಸುಣ್ಣದ ಗೋಡೆ, ಅಲ್ಲಲ್ಲಿ ಕಿಟಕಿ. ಪ್ರತಿ ಕಿಟಕಿಗೆ ಒಮ್ಮೆ ನಿಂತು ಹತ್ತಿದೆ. ಇಳಿಜಾರಿನಲ್ಲಿ ಮೊಣಕಾಲಿಗೆ ನೋವು ಗೊತ್ತೇ ಆಗಲಿಲ್ಲ. ನಾನೂ ಒಂದು ಗೋಪುರ ಹತ್ತಿದೆ ಅನ್ನುವ ಹೆಮ್ಮೆ ಬಂದಾಗಲೇ ಕೊನೆಗೆ ಬಂತು ನೋಡಿ ಮೆಟ್ಟಿಲು. ತುದಿಗೆ ಒಬ್ಬರೇ ಹೋಗುವಷ್ಟು ಇರುಕಾದ ಸುರುಳಿ ಮೆಟ್ಟಿಲು. ಸೊಸೆ, ಮೊಮ್ಮಗ ಮೇಲೆ ಹೋದರು. ಮಗ ನನ್ನ ಜೊತೆ ಕಿಟಕಿಯ ಕಟ್ಟೆಯ ಮೇಲೆ ಕೂತ.

"ಯವ್ವಾ, ಒಂದು ಮಾತು ಹೇಳಬೇಕಿತ್ತು."

ಮಗ "ಹೇಳಬೇಕಿತ್ತು" ಅಂದರೆ ಆಗಿಹೋದ ಮಾತು.

"ಪರ್ಮನೆಂಟ್ ಆಗ್ಲಾಕ ಅರ್ಜಿ ಹಾಕೀನಿ. ಮನಿನೂ ನೋಡೀವಿ."

"ಯಾವಾಗ ಹಾಕ್ದಿ?"

"ಜನವರಿದಾಗ."

ಅದು ಜುಲೈ. ಆರು ತಿಂಗಳು ಪ್ರತಿ ರವಿವಾರ ವಿಡಿಯೋದಲ್ಲಿ ಮಾತಾಡಿದ್ದೇವೆ, ನಾನು ಪುಂಡಿ ಪಲ್ಯ ಮಾಡಿದ್ದು, ನೆಗಡಿ ಬಂದದ್ದು ಎಲ್ಲ ಹೇಳಿದ್ದೇನೆ. ನನ್ನ ಪರ್ಸಿನ ಒಳಜೇಬಿನಲ್ಲಿ ಯಾರ್ಡಿನ ಕೀಲಿ ಇತ್ತು. ಅಷ್ಟು ದೂರ ಯಾಕೆ ಒಯ್ದಿದ್ದೆ ಅಂತ ಕೇಳಬೇಡಿ, ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗಿರಲಿಲ್ಲ. ತೆಗೆದು ಅವನ ಕೈಯಲ್ಲಿಟ್ಟೆ. ಅವನು ಗುರುತು ಹಿಡಿದ. ಸಣ್ಣವನಿದ್ದಾಗ ರಜೆಯಲ್ಲಿ ಅಪ್ಪನ ಜೊತೆ ಹೋಗಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಫೂಟಿನ ಲೆಕ್ಕ ಬರೆಯುತ್ತಿದ್ದವನು.

"ನನ್ನಿಂದ ಆಗೂದಿಲ್ಲವ್ವಾ ಅದು" ಅಂದ. ಕೀಲಿಯನ್ನು ಹಿಡಿದೇ ಇದ್ದ, ಮರಳಿ ಕೊಡಲೂ ಇಲ್ಲ, ಜೇಬಿಗೆ ಹಾಕಿಕೊಳ್ಳಲೂ ಇಲ್ಲ.

ನಾನು ದೊಡ್ಡ ಮನಸ್ಸು ಮಾಡಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಇಳಿಯುವಾಗ ಅವನ ಕೈ ಹಿಡಿಯಲಿಲ್ಲ, ಗೋಡೆ ಹಿಡಿದು ಇಳಿದೆ. ರಾತ್ರಿ ಊಟದವರೆಗೆ ಮಾತಾಡಲಿಲ್ಲ. ಸಿಟ್ಟು ಅವನು ಅಲ್ಲೇ ಉಳಿಯುತ್ತಾನೆ ಅಂತ ಅಲ್ಲ, ಅದು ನನಗೂ ಎಲ್ಲೋ ಗೊತ್ತಿತ್ತು. ಹೇಳಲು ಆರು ತಿಂಗಳು ಬೇಕಾಯಿತಲ್ಲ ಅಂತ. ಸೊಸೆ ಮಧ್ಯರಾತ್ರಿ ಎದ್ದು ಬಂದು ಪಕ್ಕದಲ್ಲಿ ಕೂತು, "ನಾನೇ ಹೇಳ್ರಿ ಅಂತ ದಿನಾ ಅಂದೆ ಅತ್ತಿ, ಅವರಿಗಿ ಅಂಜಿಕಿ" ಅಂದಳು. ನಾಲ್ವತ್ತು ವರ್ಷದ ಮಗನಿಗೆ ನನ್ನ ಅಂಜಿಕೆ ಅಂತೆ. ಮಾಸ್ತರಿಕೆ ಮಾಡಿದ್ದು ಹೆಚ್ಚಾಯಿತೇನೋ.

ಉಳಿದ ದಿನ ಊರು ನೋಡಲಿಲ್ಲ, ತಿವೊಲಿ ಉದ್ಯಾನಕ್ಕೆ ಒಮ್ಮೆ ಹೋದದ್ದು ಬಿಟ್ಟರೆ. ಅದು 1843ರಷ್ಟು ಹಳೆಯದು, ದೀಪ ಚೆಂದ, ಟಿಕೆಟು ದುಬಾರಿ. ಮೊಮ್ಮಗನಿಗೆ ದಿನಕ್ಕೆ ಐದು ಶಬ್ದ ಕಲಿಸಿದೆ. ಅವನು ನನಗೆ ಐದು ಕಲಿಸಿದ. ನನ್ನ ಉಚ್ಚಾರಕ್ಕೆ ಅವನು ಕೊಟ್ಟ ಅಂಕ ನೂರಕ್ಕೆ ಹತ್ತು.

ವಿಮಾನ ನಿಲ್ದಾಣದಲ್ಲಿ ಕೀಲಿ ವಾಪಸ್ ಕೊಟ್ಟ. "ಏನರ ಮಾಡು ಯವ್ವಾ, ನಿನ್ನ ಇಚ್ಛಾ. ಮಶೀನ್ ಮಾತ್ರ ಗುಜರಿಗಿ ಹಾಕಬ್ಯಾಡ, ನಡಸೋರಿಗೇ ಕೊಡು" ಅಂದ.

ಹೋದ ಶನಿವಾರ ಶಹಾಬಾದಕ್ಕೆ ಹೋಗಿದ್ದೆ. ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತೆಗೆಸಿದೆ. ಗೋಡೆಗೆ ಒರಗಿಸಿದ ಎರಡು ಫೂಟಿನ ಹಾಸುಗಳು ಇದ್ದ ಹಾಗೇ ಇವೆ, ಮೇಲೆ ಧೂಳು. ಪಕ್ಕದ ಯಾರ್ಡಿನವನು ಬಂದು ಮಶೀನಿಗೆ ಒಂದು ರೇಟು ಹೇಳಿದ, ಕಲ್ಲಿಗೆ ಒಂದು. ಈಗ ಎಲ್ಲರೂ ಟೈಲ್ಸ್ ಹಾಕಿಸುತ್ತಾರೆ, ಫರಸಿ ಯಾರು ಕೇಳುತ್ತಾರೆ ಟೀಚರ್ ಅಂತ ರಾಗ ತೆಗೆದ. ನಾನು ಹಿಮ್ಮಡಿಯಿಂದ ಒಂದು ಕಲ್ಲು ಕುಟ್ಟಿ ನೋಡಿ, ಹೆಚ್ಚಿಗೆ ಕೇಳಿದೆ. ಅವನು ನಕ್ಕ. ಮನೆಯಲ್ಲಿ ಕೇಳಿ ಸೋಮವಾರ ಬರುತ್ತೇನೆ ಅಂದಿದ್ದಾನೆ.