ಬಿಲ್ಲು ಸೊನ್ನೆ, ತಂತಿ ಬೆತ್ತಲೆ

ಊರಿಂದ ಫೋನ್ ಬಂದರೆ ಈಗ ಕರೆಂಟ್ ಬಿಲ್ಲಿನ ಮಾತೇ ಇರೋದಿಲ್ಲ. ಕೇಳಿದರೆ "ಈ ತಿಂಗ್ಳೂ ಸೊನ್ನೆ, ಮಾಣಿ" ಅಂತಾರೆ, ಅಲ್ಲಿಗೆ ಮುಗೀತು. ಮುಂಚೆ ಹಾಗಿರಲಿಲ್ಲ. ಮೀಟರ್ ರೀಡರ್ ಬಂದು ಹೋದ ದಿನ ಮನೇಲಿ ಒಂದು ಸಣ್ಣ ವಿಚಾರಣಾ ಆಯೋಗವೇ ಕೂರ್ತಿತ್ತು. ಜಗಲಿ ಲೈಟು ರಾತ್ರಿಯಿಡೀ ಯಾಕೆ ಉರೀತಿತ್ತು, ಫ್ಯಾನು ಆರಿಸದೆ ಎದ್ದು ಹೋದವರು ಯಾರು ಇತ್ಯಾದಿ. 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಶುರುವಾದ ಮೇಲೆ ಆ ಆಯೋಗ ಬರಖಾಸ್ತಾಯ್ತು :-)

ಗೃಹಜ್ಯೋತಿಯನ್ನ ಬೈಯೋಕೆ ಹೊರಟಿಲ್ಲ, ಮೊದಲೇ ಹೇಳಿಬಿಡ್ತೀನಿ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟ್ ದಾಟಬಾರದು ಅನ್ನೋ ಲೆಕ್ಕದಲ್ಲಿ ಹುಟ್ಟಿದ ಯೋಜನೆ. ಕೂಲಿ ಮಾಡೋ ಮನೆಗೆ ತಿಂಗಳಿಗೆ ಮುನ್ನೂರು ನಾನೂರು ಉಳಿಯೋದು ಸಣ್ಣ ವಿಷಯ ಅಲ್ಲ. ನನ್ನ ತಕರಾರು ಬೇರೆ. ಬಿಲ್ಲು ಸೊನ್ನೆ ಆದ ಮೇಲೆ ಕರೆಂಟಿನ ಬಗ್ಗೆ ಕೇಳೋದನ್ನೇ ನಿಲ್ಲಿಸಿಬಿಟ್ಟಿದ್ದೇವೆ. ಪುಕ್ಕಟೆ ಕೊಟ್ಟವರ ಹತ್ತಿರ ಜೋರು ಮಾಡೋಕೆ ಒಂಥರಾ ಸಂಕೋಚ. ಆದರೆ ಕುಮಟಾ, ಹೊನ್ನಾವರ, ಭಟ್ಕಳದ ಹಳ್ಳಿಗಳಲ್ಲಿ ಕರೆಂಟಿನ ನಿಜವಾದ ಬೆಲೆ ಬಿಲ್ಲಿನಲ್ಲಿ ಯಾವತ್ತೂ ಅಚ್ಚಾಗಿರಲಿಲ್ಲ. ಅದು ತೋಟದ ಮೇಲೆ ಹಾದು ಹೋಗೋ ತಂತಿಯಲ್ಲಿ ನೇತಾಡ್ತಾ ಇದೆ.

ಬಯಲುಸೀಮೆಯ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಊರು ಅಂದರೆ ಒಂದೇ ಕಡೆ ಗುಂಪಾಗಿರೋ ಮನೆಗಳಲ್ಲ. ಗುಡ್ಡದ ಬುಡಕ್ಕೊಂದು ಮನೆ, ಹೊಳೆ ದಾಟಿ ಇನ್ನೊಂದು. ನಡುವೆ ಅಡಿಕೆ, ತೆಂಗು, ಬೆಟ್ಟ. ತಂತಿ ಇವುಗಳ ನಡುವೆಯೇ ನುಸುಳಿ ಬರಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ತಂತಿ ಬಹುಪಾಲು ಬರೀ ಅಲ್ಯುಮಿನಿಯಂ, ಒಳಗೊಂದು ಉಕ್ಕಿನ ಎಳೆ, ಮೇಲೆ ಹೊದಿಕೆ ಇಲ್ಲ. (ಈ ತಂತಿಗಳ ಅಳತೆಗೆ ಎಂಜಿನಿಯರುಗಳು ಇಟ್ಟಿರೋ ಹೆಸರು ರ‍್ಯಾಬಿಟ್, ವೀಸಲ್, ಸ್ಕ್ವಿರಲ್! ಮೊಲ, ಮುಂಗುಸಿಯ ನೆಂಟ, ಅಳಿಲು. ಹೆಸರು ಕೇಳಿದರೆ ಎಷ್ಟು ಸಾಧು...)

ಇಂಥ ಬೆತ್ತಲೆ ತಂತಿ ರಸ್ತೆಗೆ ಅಡ್ಡವಾಗಿದ್ದರೆ ನೆಲದಿಂದ ಕನಿಷ್ಠ 5.8 ಮೀಟರ್ ಎತ್ತರ ಇರಬೇಕು, 11 ಕೆವಿ ಆದರೆ 6.1. ರಸ್ತೆ ಬಿಟ್ಟು ಬೇರೆ ಕಡೆ, ಅಂದರೆ ಗದ್ದೆ ತೋಟಗಳಲ್ಲಿ, 11 ಕೆವಿವರೆಗೂ 4.6 ಮೀಟರ್ ಇದ್ದರೆ ಸಾಕು. ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. 4.6 ಮೀಟರ್ ಅಂದರೆ ಹದಿನೈದು ಅಡಿ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು ಆರಾಮಾಗಿ ದಾಟಬಹುದು. ಆದರೆ ಅಡಿಕೆ ಮರದ ಎತ್ತರ ಎಷ್ಟು? ಐವತ್ತು, ಅರವತ್ತು ಅಡಿ. ಕೊನೆ ಕೊಯ್ಯೋ ದೋಟಿಯೂ ಅಷ್ಟೇ ಉದ್ದ. ಅಂದರೆ ತಂತಿ ಜೋತು ಬಿದ್ದಿರಬೇಕಂತಲೇ ಇಲ್ಲ. ನಿಯಮದ ಪ್ರಕಾರ ಸರಿಯಾಗಿರೋ ತಂತಿಯೇ ತೋಟದಲ್ಲಿ ಜೀವ ತೆಗೀಬಹುದು. ನಿಯಮ ಬರೆದವರ ಕಣ್ಣ ಮುಂದೆ ಎತ್ತಿನಗಾಡಿ, ಲಾರಿ ಇತ್ತು, ಅಡಿಕೆ ತೋಟ ಇರಲಿಲ್ಲ ಅಂತ ನನ್ನ ಅನುಮಾನ.

ದೋಟಿ ಹಿಂದೆ ಬಿದಿರಿನದು. ಆಮೇಲೆ ಅಲ್ಯುಮಿನಿಯಂ ಬಂತು. ಮರ ಹತ್ತೋ ಕೊನೆಗಾರರು ಕಮ್ಮಿಯಾದ ಹಾಗೆ ಈಗ ಎಲ್ಲೆಲ್ಲೂ ಕಾರ್ಬನ್ ಫೈಬರ್ ದೋಟಿ. ಹಗುರ, ಗಟ್ಟಿ, ನೆಲದಲ್ಲೇ ನಿಂತು ಕೊಯ್ಯಬಹುದು, ಔಷಧಿಯನ್ನೂ ಹೊಡೀಬಹುದು. ಒಳ್ಳೇದೇ. ಆದರೆ "ಫೈಬರ್ ಅಲ್ವಾ, ಕರೆಂಟ್ ಹೊಡೆಯೋಲ್ಲ" ಅನ್ನೋ ಮಾತು ಓಡಾಡ್ತಾ ಇದೆಯಲ್ಲ, ಅದು ಶುದ್ಧ ಸುಳ್ಳು. ಕರೆಂಟ್ ಹಾಯದೇ ಇರೋದು ಗ್ಲಾಸ್ ಫೈಬರ್. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಅಂಗಡಿಯವರು ಇದನ್ನ ದೋಟಿಯ ಮೇಲೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದೇ ಮಾರಬೇಕು. ಅರವತ್ತು ಅಡಿ ಕೋಲು ಸ್ವಲ್ಪ ವಾಲಿದರೆ ತುದಿ ಎಲ್ಲಿಗೆ ಹೋಗುತ್ತೆ ಅಂತ ಕೆಳಗೆ ಹಿಡಿದವನ ಕೈಲಿ ಇರೋಲ್ಲ. ಹಿಡಿದವನು ಸಾಮಾನ್ಯವಾಗಿ ದಿನಗೂಲಿಯವನು. ತೋಟ ಅವನದಲ್ಲ, ಆ ಲೈನಿನ ಕರೆಂಟೂ ಅವನ ಮನೆಗೆ ಹೋಗೋದಲ್ಲ.

ಇನ್ನು ಹರಿದು ಬಿದ್ದ ತಂತಿ. "ತಂತಿ ನೆಲಕ್ಕೆ ಬಿದ್ದರೆ ಫ್ಯೂಸ್ ಹೋಗೇ ಹೋಗುತ್ತೆ" ಅನ್ನೋ ನಂಬಿಕೆ ಓದಿದವರಿಗೂ ಇದೆ. ಹತ್ತನೇ ಕ್ಲಾಸಿನ ಓಮ್ಸ್ ಲಾ ಹಾಕಿ ನೋಡಿ. 230 ವೋಲ್ಟ್, ತಂತಿಗೂ ಚಿರೇಕಲ್ಲಿನ ನೆಲಕ್ಕೂ ನಡುವೆ 50 ಓಮ್ ರೋಧ ಅಂತ ಇಟ್ಕೊಳ್ಳಿ. ಹರಿಯೋದು 4.6 ಆಂಪಿಯರ್, ಒಂದು ಇಸ್ತ್ರಿ ಪೆಟ್ಟಿಗೆ ಎಳೆಯೋವಷ್ಟು. 63 ಕೆವಿಎ ಟಿಸಿಯ ಒಂದೊಂದು ಫೇಸೂ ಸುಮಾರು 84 ಆಂಪಿಯರ್ ಕೊಡೋ ತಾಕತ್ತಿನದು, ಅದರ ಫ್ಯೂಸೂ ಆ ಲೆಕ್ಕದ್ದೇ. ಅದಕ್ಕೆ ಯಾರೋ ಅಂಗಿ ಇಸ್ತ್ರಿ ಮಾಡ್ತಿದ್ದಾರೆ ಅಂತ ಕಾಣುತ್ತೆ ಅಷ್ಟೇ. ಮನುಷ್ಯನ ಎದೆ ನಿಲ್ಲಿಸೋಕೆ ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಡ. ಚಿರೇಕಲ್ಲಿನ ಗುಡ್ಡ ಬೇಸಿಗೆಯಲ್ಲಿ ಒಣಗಿದಾಗಂತೂ ಇನ್ನೂ ಕಡಿಮೆ ಹರಿಯುತ್ತೆ. ಹಾಗಾಗಿ ಬಿದ್ದ ತಂತಿ ಜೀವ ಇಟ್ಕೊಂಡೇ ತರಗೆಲೆ ಕೆಳಗೆ ಮಲಗಿರುತ್ತೆ, ಇಲ್ಲಾ ಪಕ್ಕದ ಮುಳ್ಳುತಂತಿ ಬೇಲಿಗೆ ತಾಗಿ ಅದಕ್ಕೂ ಜೀವ ಕೊಟ್ಟಿರುತ್ತೆ. ಒಣ ಕೋಲಿನಿಂದ ಸರಿಸಿ ಅಂತ ಪುಸ್ತಕದಲ್ಲಿ ಓದಿದ್ದೇವೆ. ಜುಲೈ ತಿಂಗಳಲ್ಲಿ ಹೊನ್ನಾವರದಲ್ಲಿ ಒಣ ಕೋಲು ಎಲ್ಲಿ ಸ್ವಾಮಿ ಸಿಗುತ್ತೆ? ದೂರ ನಿಂತು, ಬೇರೆಯವರನ್ನೂ ದನಗಳನ್ನೂ ತಡೆದು, 1912ಕ್ಕೆ ಫೋನ್ ಮಾಡೋದೊಂದೇ ದಾರಿ. ಮನೆಯೊಳಗೆ, ಪಂಪ್‌ಶೆಡ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸ್ಕೊಳ್ಳಿ, ಅದು ನಮ್ಮ ಕೈಲಿರೋ ಕೆಲಸ. ಕಂಬದ ಮೇಲಿನ ತಂತಿಗೆ ಅದೇನೂ ಮಾಡೋಲ್ಲ.

2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸತ್ತದ್ದು ನಿಮಗೆ ನೆನಪಿರಬಹುದು. ರಾಜ್ಯವೇ ಬೆಚ್ಚಿಬಿತ್ತು, ಅಧಿಕಾರಿಗಳು ಸಸ್ಪೆಂಡ್ ಆದರು. ತೋಟದಲ್ಲಿ ಹೀಗೆ ಸತ್ತವನು ಜಿಲ್ಲಾ ಪುಟದಲ್ಲಿ ಎರಡಿಂಚು ಸುದ್ದಿ. ಕೊನೆಗೆ "ಅಜಾಗರೂಕತೆಯಿಂದ" ಅಂತ ಒಂದು ಪದ ಸೇರಿಸಿದರೆ ಮುಗೀತು. ಆ ಪದ ಕಂಡರೆ ನನಗೆ ಸಿಟ್ಟು ಬರುತ್ತೆ. ಸುಪ್ರೀಂ ಕೋರ್ಟು 2002ರಲ್ಲೇ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮಳೆನೀರು ನಿಂತ ರಸ್ತೆಯಲ್ಲಿ ರಾತ್ರಿ ಸೈಕಲ್ಲಿನಲ್ಲಿ ಬರ್ತಿದ್ದವನು ಬಿದ್ದ ತಂತಿ ತಾಗಿ ಸತ್ತಿದ್ದ. ಬೇರೆ ಯಾರೋ ಕರೆಂಟ್ ಕದಿಯೋಕೆ ಹಾಕಿದ ತಂತಿ ಅದು ಅಂತ ವಿದ್ಯುತ್ ಮಂಡಳಿ ವಾದಿಸಿತು. ಕೋರ್ಟು ಒಪ್ಪಲಿಲ್ಲ, ಅಪಾಯದ ವಸ್ತುವನ್ನ ಸರಬರಾಜು ಮಾಡೋರೇ ಅದರ ಹೊಣೆ ಹೊರಬೇಕು, ಅವರ ನಿರ್ಲಕ್ಷ್ಯ ಸಾಬೀತಾಗಬೇಕು ಅಂತೇನೂ ಇಲ್ಲ ಅಂದಿತು. ನಮ್ಮೂರ ಎಷ್ಟು ಮನೆಗಳಿಗೆ ಇದು ಗೊತ್ತು?

ಲೈನ್‌ಮನ್‌ಗಳನ್ನ ಬೈದು ಪ್ರಯೋಜನ ಇಲ್ಲ. (ಕಾಗದದಲ್ಲಿ ಒಂದು ಕಾಲಕ್ಕೆ ಅವರು 'ಮಾರ್ಗದಾಳು' ಆಗಿದ್ದರು. ಪಾಪ, ಮಾರ್ಗ ಎಲ್ಲಿದೆ?) ಹೆಸ್ಕಾಂ ವ್ಯಾಪ್ತಿಯ ಏಳು ಜಿಲ್ಲೆಗಳಲ್ಲಿ ಆರು ಬಹುಪಾಲು ಬಯಲು, ಘಟ್ಟ ಕಡಲು ಎರಡೂ ಇರೋದು ಉತ್ತರ ಕನ್ನಡಕ್ಕೆ ಮಾತ್ರ. ವಿಜಯಪುರದ ಕಡೆಯ ಹುಡುಗ ಬಂದು ಜಡಿಮಳೆಯಲ್ಲಿ ಇಂಬಳ ಕಚ್ಚಿಸ್ಕೊಂಡು ಕಂಬ ಹತ್ತುತ್ತಾನೆ. ಟೊಂಗೆ ಸವರೋಕೆ ಹೋದರೆ "ನಮ್ಮ ಮರ ಮುಟ್ಟಬೇಡ" ಅಂತ ಜಗಳಕ್ಕೆ ನಿಲ್ಲೋರೂ ನಾವೇ.

ನಾನು ಕೇಳೋದು ಒಂದೇ. ತೋಟದೊಳಗೆ ಹಾದು ಹೋಗೋ ಎಲ್.ಟಿ. ಲೈನುಗಳಿಗೆ ಮೊದಲು ಹೊದಿಕೆ ಇರೋ ಕೇಬಲ್ ಹಾಕಿ, ಆ ಏರಿಯಲ್ ಬಂಚ್ಡ್ ಕೇಬಲ್ ಅಂತಾರಲ್ಲ, ಅದನ್ನ. ಕಂಬ ಹೆಚ್ಚೂ ಕಮ್ಮಿ ಅವೇ ಸಾಕಾಗುತ್ತೆ. ದೋಟಿ ತಾಗಿದರೂ, ಟೊಂಗೆ ಬಿದ್ದರೂ ಅಪಾಯ ಎಷ್ಟೋ ಪಾಲು ಕಮ್ಮಿ. ದುಡ್ಡು ಎಲ್ಲಿಂದ ಅಂತೀರಾ? 2024-25ರ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ ಇಟ್ಟದ್ದು 9,657 ಕೋಟಿ. 2025ರ ಏಪ್ರಿಲ್‌ನಿಂದ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಯಿಟಿಗಾಗಿ ಯೂನಿಟ್ಟಿಗೆ 36 ಪೈಸೆ ಸೇರಿಸೋಕೆ ಕೆಇಆರ್‌ಸಿ ಒಪ್ಪಿತು. ಪಿಂಚಣಿಗೆ ಪ್ರತ್ಯೇಕ ಸಾಲು ಬರೀಬಹುದು ಅಂದ ಮೇಲೆ ತಂತಿಗೆ ಯಾಕೆ ಆಗೋಲ್ಲ? ಬೇಕಾದರೆ ಸೊನ್ನೆ ಬಿಲ್ಲಿನ ಮನೆಯಿಂದಲೂ ತಿಂಗಳಿಗೆ ಇಪ್ಪತ್ತು ರೂಪಾಯಿ ತಗೊಳ್ಳಿ. ಆದರೆ ಅದು ಆ ಗ್ರಾಮದ ತಂತಿಗೇ ಹೋಗಲಿ, ಎಷ್ಟು ಮೀಟರ್ ಕೇಬಲ್ ಆಯ್ತು ಅಂತ ಪಂಚಾಯ್ತಿ ಬೋರ್ಡಿನಲ್ಲಿ ಬರೀಲಿ. ಇದಕ್ಕೆ ನನ್ನ ಊರಿನ ಗೆಳೆಯರೇ "ಪುಕ್ಕಟೆ ಇರೋದನ್ನ ಯಾಕೆ ಕೆಡಿಸ್ತೀಯಾ" ಅಂತ ಬೈದಿದ್ದಾರೆ. ಬೈಲಿ. ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್ ಹುಟ್ಟಿಸಿ ನಾಡಿಗೆ ಕೊಡೋ ಹೊನ್ನಾವರ ತಾಲೂಕಿನ ತೋಟಗಳಿಗೆ ಹೊದಿಕೆಯ ತಂತಿ ಕೇಳೋದು ದೊಡ್ಡ ಆಸೆಯೇನಲ್ಲ.

ಅಲ್ಲಿವರೆಗೆ, ಈ ಸಲ ಕೊನೆಕೊಯ್ಲಿಗೆ ಮುಂಚೆ ಮನೆಯವರಿಗೆ ಹೇಳಿ: ಲೈನಿನ ಎರಡೂ ಬದಿ, ದೋಟಿಯ ಉದ್ದದಷ್ಟು ದೂರದವರೆಗಿನ ಮರಗಳಿಗೆಲ್ಲ ಕೆಂಪು ಬಣ್ಣದ ಪಟ್ಟೆ ಬಳೀಲಿ. ಆ ಮರಗಳನ್ನ ಕೊನೆಗೆ ಇಟ್ಕೊಂಡು, ಸೆಕ್ಷನ್ ಆಫೀಸಿಗೆ ಮೊದಲೇ ಬರೆದುಕೊಟ್ಟು, ಲೈನ್ ಆಫ್ ಮಾಡಿಸಿದ ಮೇಲಷ್ಟೇ ಕೊಯ್ಯಿಸಲಿ.

ಸಿರ್ಸಿ, ಸಾಗರ, ಪುತ್ತೂರು ಕಡೆಯ ಗೆಳೆಯರೇ, ನಿಮ್ಮ ತೋಟಗಳಲ್ಲಿ ಕೇಬಲ್ ಹಾಕಿದ್ದಾರಾ? ಹಾಕಿದ್ದರೆ ಅರ್ಜಿ ಯಾರು ಕೊಟ್ಟದ್ದು, ಎಷ್ಟು ವರ್ಷ ಅಲೆದಿರಿ, ಖರ್ಚು ಯಾರದು? ವಿವರ ಇದ್ದರೆ ಬರೀರಿ, ನಮ್ಮ ಪಂಚಾಯ್ತಿಗೆ ಕೊಡೋಕೆ ಬೇಕು.